ಕಲ್ನಾರಿನ ಧೂಳು ಮತ್ತು ನಲವತ್ತು ವರ್ಷಗಳ ಲೆಕ್ಕ

ಖಾನಾಪುರ ತಾಲ್ಲೂಕಿನ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನವೆಂದು ನಾಡಿಗೆಲ್ಲ ಪರಿಚಿತ. ಆದರೆ ನಮ್ಮ ವರ್ತಕ ಬಾಂಧವರಿಗೆ, ಅದರಲ್ಲೂ ಕಟ್ಟಡ ಸಾಮಗ್ರಿಯ ವ್ಯಾಪಾರದಲ್ಲಿರುವವರಿಗೆ, ಆ ಊರು ಮತ್ತೊಂದು ಕಾರಣಕ್ಕೂ ಪರಿಚಿತವಾಗಿದೆ. ರಾಜ್ಯದಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಒಂದಾದ ಅಲ್ಲಿ, ಮನೆಯ ಗೋಡೆಗಿಂತ ಮನೆಯ ಛಾವಣಿಗೇ ಹೆಚ್ಚು ಖರ್ಚು ಮಾಡಬೇಕಾಗುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಮಳೆಗೆ ಕಬ್ಬಿಣದ ತಗಡು ತುಕ್ಕು ಹಿಡಿಯುತ್ತದೆ. ಹೆಂಚಿನ ಮಾಡಿಗೆ ಮರಮುಟ್ಟು, ಕೈಯಾಳು ಎರಡೂ ಬೇಕು. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಾವಿಯಿಂದ ಜಾಂಬೋಟಿ ಮಾರ್ಗವಾಗಿ ಘಟ್ಟದ ಕಡೆಗೆ ಸಾಗುವ ವಾಹನಗಳಲ್ಲಿ ನಮ್ಮ ಭಾಗದ ಜನ ‘ಸಿಮೆಂಟ್ ಪತ್ರಾಸು’ ಎಂದು ಕರೆಯುವ ಬೂದು ಬಣ್ಣದ ಅಲೆಯಲೆಯಾದ ಹಾಳೆಗಳು ತಪ್ಪದೆ ಕಾಣಸಿಗುತ್ತವೆ. ತುಕ್ಕು ಹಿಡಿಯದ, ಮಳೆಯ ಸದ್ದನ್ನು ಬಹುಮಟ್ಟಿಗೆ ತಡೆಯುವ, ಬೆಲೆಯಲ್ಲಿ ಅಗ್ಗವಾದ ಈ ಹಾಳೆಯನ್ನು ಬಡವನೂ ಕೊಳ್ಳಬಲ್ಲ. ಅದರ ಪೂರ್ಣ ಹೆಸರು ಆಸ್ಬೆಸ್ಟಾಸ್ ಸಿಮೆಂಟ್ ಶೀಟು.

ಆಸ್ಬೆಸ್ಟಾಸ್ ಎಂಬುದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಪದವಿದೆ. ಕಲ್ಲೇ ಆದರೂ ನಾರಿನಂತೆ ಸೀಳಿಕೊಳ್ಳುವ, ಬೆಂಕಿಗೆ ಸುಡದ, ಆಮ್ಲಕ್ಕೆ ಸುಲಭವಾಗಿ ಕರಗದ ಖನಿಜವಿದು. ಹಾಳೆಯ ತೂಕದಲ್ಲಿ ನೂರಕ್ಕೆ ಸುಮಾರು 8ರಿಂದ 10 ಭಾಗ ಈ ನಾರು, ಉಳಿದದ್ದು ಮುಖ್ಯವಾಗಿ ಸಿಮೆಂಟು. ಕಲ್ಲಿಗೆ ಇರುವ ಬಾಳಿಕೆಯೂ ನಾರಿಗೆ ಇರುವ ಬಿಗುವೂ ಒಂದರಲ್ಲೇ ಕೂಡಿರುವುದರಿಂದ 20ನೆಯ ಶತಮಾನದ ಕೈಗಾರಿಕೆಯು ಇದನ್ನು ತಲೆಯ ಮೇಲಿಟ್ಟುಕೊಂಡು ಮೆರೆಸಿತು. ಛಾವಣಿ, ನೀರಿನ ಕೊಳವೆ, ಬಾಯ್ಲರಿನ ಹೊದಿಕೆ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಎರಕದವರ ಕೈಗವಸು ಎಲ್ಲಕ್ಕೂ ಇದೇ ಆಧಾರವಾಯಿತು. ವಿಪರ್ಯಾಸವೆಂದರೆ, ಯಾವ ಬಾಳಿಕೆಯ ಗುಣದಿಂದ ಈ ವಸ್ತು ಉದ್ಯಮಕ್ಕೆ ಪ್ರಿಯವಾಯಿತೋ ಅದೇ ಗುಣವೇ ಮನುಷ್ಯನ ಶ್ವಾಸಕೋಶದೊಳಗೆ ಅದನ್ನು ಮಾರಕವಾಗಿಸಿತು.

ಹಾಳೆಯನ್ನು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳಿರುತ್ತವೆ. ಮೂಗಿನ ಕೂದಲೂ ಗಂಟಲಿನ ಲೋಳೆಯೂ ಇವುಗಳಲ್ಲಿ ಎಲ್ಲವನ್ನೂ ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳನ್ನು ತಲುಪಿದ ಎಳೆಗಳನ್ನು ನುಂಗಿ ಹಾಕಲು ದೇಹದ ರಕ್ಷಕ ಕೋಶಗಳು ಯತ್ನಿಸುತ್ತವೆ. ಎಳೆಯು ಕೋಶಕ್ಕಿಂತ ಉದ್ದವಾಗಿದ್ದರೆ ನುಂಗಲಾಗದೆ ಕೋಶವೇ ಸಾಯುತ್ತದೆ. ಹೀಗೆ ವರ್ಷಗಟ್ಟಲೆ ಉರಿಯೂತ ನಡೆದು, ಮೆತ್ತಗಿರಬೇಕಾದ ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗುತ್ತದೆ. ಇದಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಮೆಟ್ಟಿಲು ಹತ್ತುವಾಗ ಏದುಸಿರು, ಒಣ ಕೆಮ್ಮು, ಬರಬರುತ್ತಾ ಕುಳಿತಲ್ಲಿಯೇ ಉಸಿರಾಡಲು ಕಷ್ಟ. ಗಡುಸಾದ ಭಾಗವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿಯಿಲ್ಲ. ಇದಲ್ಲದೆ ಶ್ವಾಸಕೋಶದ ಕ್ಯಾನ್ಸರ್ ಉಂಟು, ಶ್ವಾಸಕೋಶವನ್ನು ಸುತ್ತಿರುವ ಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಲ್ನಾರಿನ ಎಲ್ಲ ಬಗೆಗಳನ್ನೂ, ಅಂದರೆ ನಮ್ಮಲ್ಲಿ ಬಳಕೆಯಲ್ಲಿರುವ ಬಿಳಿ ಕಲ್ನಾರಾದ ಕ್ರೈಸೋಟೈಲನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 2 ಲಕ್ಷಕ್ಕೂ ಹೆಚ್ಚು ಜನ ಕೆಲಸದ ಸ್ಥಳದ ಕಲ್ನಾರಿನ ಧೂಳಿನಿಂದ ಸಾಯುತ್ತಾರೆ. ಬೀಡಿ, ಸಿಗರೇಟು ಸೇದುವವನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಕೂಡಿಕೊಳ್ಳುವುದಲ್ಲ, ಬಹುಮಟ್ಟಿಗೆ ಗುಣಿಸಿಕೊಳ್ಳುತ್ತದೆ. ಈ ಒಂದು ಸಂಗತಿಯನ್ನಾದರೂ ನಮ್ಮ ಹಮಾಲರಿಗೂ ಗೌಂಡಿಗಳಿಗೂ ಬಿಡಿಸಿ ಹೇಳುವುದು ಅವಶ್ಯ.

ಇಷ್ಟೆಲ್ಲ ವೈದ್ಯರು ಹೇಳಬೇಕಾದ ಮಾತು, ಲೆಕ್ಕಪರಿಶೋಧಕನಿಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಕೆಲಸವಿದೆ. ಈ ಕಾಯಿಲೆಯ ಮುಖ್ಯ ಲಕ್ಷಣವೇ ಕಾಲಾವಧಿ. ಇಂದು ಧೂಳು ಕುಡಿದವನಿಗೆ ನಾಳೆ ಏನೂ ಆಗುವುದಿಲ್ಲ. ಆಸ್ಬೆಸ್ಟೋಸಿಸ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 10ರಿಂದ 20 ವರ್ಷ ಅಥವಾ ಅದಕ್ಕೂ ಹೆಚ್ಚು, ಮೀಸೋಥೀಲಿಯೋಮಾಕ್ಕೆ 20ರಿಂದ 50 ವರ್ಷ ಹಿಡಿಯುತ್ತದೆ. ನಮ್ಮ ಲೆಕ್ಕದ ಪುಸ್ತಕಗಳ ಆಯುಷ್ಯವನ್ನು ಇದರೊಡನೆ ಹೋಲಿಸಿ ನೋಡಿ. 2013ರ ಕಂಪನಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು 8 ವರ್ಷ ಕಾಪಾಡಿದರೆ ಸಾಕು. ಅಂದರೆ ಹೊಣೆಗಾರಿಕೆಯು ಹುಟ್ಟಿದ ವರ್ಷದ ದಾಖಲೆಗಳು ರದ್ದಿಗೆ ಹೋಗಿ ಎಷ್ಟೋ ಕಾಲವಾದ ಮೇಲೆ ಆ ಹೊಣೆಗಾರಿಕೆಯು ಬಾಗಿಲು ತಟ್ಟುತ್ತದೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸದ ಸಾಲವಿದು. ಬಡ್ಡಿ ಮಾತ್ರ ಕಾರ್ಮಿಕನ ಎದೆಯಲ್ಲಿ ಬೆಳೆಯುತ್ತಿರುತ್ತದೆ.

ಇದು ಕೇವಲ ಅಲಂಕಾರದ ಮಾತಲ್ಲ ಎಂಬುದಕ್ಕೆ ಅಮೆರಿಕೆಯ ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ಉದಾಹರಣೆ ಇದೆ. ಕಲ್ನಾರಿನ ಉದ್ಯಮದಲ್ಲಿ ಅಗ್ರಗಣ್ಯವಾಗಿದ್ದ, ಅಲ್ಲಿನ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕದ 30 ಕಂಪನಿಗಳಲ್ಲಿ ಒಂದಾಗಿದ್ದ ಈ ಸಂಸ್ಥೆಯು 1982ರ ಆಗಸ್ಟ್‌ನಲ್ಲಿ ದಿವಾಳಿ ಕಾಯಿದೆಯ ರಕ್ಷಣೆ ಕೋರಿತು. ಅದರ ವ್ಯಾಪಾರವೇನೂ ಮುಳುಗಿರಲಿಲ್ಲ. ಹಳೆಯ ಕಾರ್ಮಿಕರು ಹೂಡಿದ ಸಾವಿರಾರು ದಾವೆಗಳ ಭಾರ, ಮುಂದೆ ಬರಲಿದ್ದ ಇನ್ನೂ ಹೆಚ್ಚಿನ ದಾವೆಗಳ ಭಯ ಅದನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಸವೊಂದು 1988ರಲ್ಲಿ ಸ್ಥಾಪನೆಯಾಯಿತು. ಆಸ್ಟ್ರೇಲಿಯಾದ ಜೇಮ್ಸ್ ಹಾರ್ಡಿ ಕಂಪನಿಯು 2001ರಲ್ಲಿ ಸಂತ್ರಸ್ತರಿಗಾಗಿ ಒಂದು ನಿಧಿಯನ್ನು ಬೇರ್ಪಡಿಸಿ, ಹಣ ಸಾಕಷ್ಟಿದೆಯೆಂದು ಷೇರುಪೇಟೆಗೆ ಪ್ರಕಟಣೆ ಕೊಟ್ಟಿತು. ಹಣ ಸಾಲದೆಂದು ಬಳಿಕ ಬಯಲಾಯಿತು. ಆ ಪ್ರಕಟಣೆಗೆ ಸಮ್ಮತಿಯಿತ್ತ ನಿರ್ದೇಶಕರು, ದೈನಂದಿನ ಆಡಳಿತದಲ್ಲಿ ಇಲ್ಲದವರೂ ಸೇರಿದಂತೆ, ಕರ್ತವ್ಯಚ್ಯುತಿ ಎಸಗಿದ್ದಾರೆಂಬುದನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯವು 2012ರಲ್ಲಿ ಎತ್ತಿಹಿಡಿಯಿತು. ಸಭೆಯ ನಡಾವಳಿಗೆ ಓದದೆ ಸಹಿ ಹಾಕುವ ಅಭ್ಯಾಸ ನಮ್ಮಲ್ಲೂ ಅಪರೂಪವಲ್ಲ, ಹಾಗಾಗಿ ಈ ಪ್ರಕರಣವನ್ನು ವಿಶೇಷವಾಗಿ ಹೇಳಿದ್ದೇನೆ.

ನಮ್ಮ ದೇಶದ ಕಾನೂನು ಸ್ಥಿತಿಯು ಸ್ವಲ್ಪ ವಿಚಿತ್ರವಾಗಿದೆ. ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ನೀಡುವುದನ್ನೂ ಹಳೆಯದನ್ನು ನವೀಕರಿಸುವುದನ್ನೂ ಕೇಂದ್ರ ಸರ್ಕಾರವು 1986ರಿಂದಲೇ ನಿಲ್ಲಿಸಿತು. ನೆಲದಿಂದ ತೆಗೆಯುವುದಕ್ಕೆ ಹೀಗೆ ತಡೆ ಬಿದ್ದರೂ ಹೊರಗಿನಿಂದ ತರುವುದಕ್ಕೆ ಬೀಳಲಿಲ್ಲ. ರಷ್ಯಾ, ಕಜಾಕಸ್ತಾನ, ಬ್ರೆಜಿಲ್ ಮುಂತಾದ ದೇಶಗಳಿಂದ ಇತ್ತೀಚಿನ ವರ್ಷಗಳಲ್ಲಿ ವಾರ್ಷಿಕ 3 ಲಕ್ಷ ಟನ್ನಿಗೂ ಮಿಕ್ಕಿ ಕ್ರೈಸೋಟೈಲ್ ಆಮದಾಗುತ್ತಿದ್ದು, ಜಗತ್ತಿನ ಅತಿ ದೊಡ್ಡ ಆಮದುದಾರ ದೇಶ ನಮ್ಮದೇ ಆಗಿದೆ. ಐರೋಪ್ಯ ಒಕ್ಕೂಟವು 2005ರ ಆರಂಭದಿಂದ, ನೆರೆಯ ನೇಪಾಳವು 2015ರಿಂದ, ಒಂದು ಕಾಲಕ್ಕೆ ನಮಗೆ ಧಾರಾಳವಾಗಿ ಮಾರಿದ ಕೆನಡಾ 2018ರಲ್ಲಿ ನಿಷೇಧಿಸಿದವು. ಅಮೆರಿಕೆಯೂ 2024ರ ಮಾರ್ಚ್‌ನಲ್ಲಿ ಕ್ರೈಸೋಟೈಲ್ ಬಳಕೆಗೆ ಹಂತಹಂತದ ನಿಷೇಧದ ನಿಯಮ ಪ್ರಕಟಿಸಿತು. ತನ್ನ ಜನ ಬಳಸಲಾರದ ವಸ್ತುವನ್ನು ಪರರಿಗೆ ಮಾರುವುದು ಎಂತಹ ವ್ಯಾಪಾರಧರ್ಮವೆಂದು ಓದುಗರೇ ಯೋಚಿಸಬಹುದು.

ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಮೌನವಾಗಿಲ್ಲ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಸಲ್ಲಿಸಿದ್ದ ಅರ್ಜಿಯಲ್ಲಿ 1995ರ ಜನವರಿ 27ರಂದು ನೀಡಿದ ತೀರ್ಪಿನಲ್ಲಿ, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ಕಲ್ನಾರಿನ ಉದ್ಯಮಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಆತ ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಎಲ್ಲ ಕಾರ್ಮಿಕರಿಗೂ ವಿಮೆಯ ರಕ್ಷಣೆ ಒದಗಿಸಬೇಕೆಂದೂ, ಕಾಯಿಲೆ ಪ್ರಮಾಣೀಕೃತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದೂ ಹೇಳಿತು. ಮತ್ತೊಂದು ಅರ್ಜಿಯು ಸಂಪೂರ್ಣ ನಿಷೇಧವನ್ನೇ ಕೋರಿತ್ತಾದರೂ 2011ರ ಜನವರಿಯಲ್ಲಿ ಅದು ವಜಾಗೊಂಡಿತು. ಆದ್ದರಿಂದ ಆಸ್ಬೆಸ್ಟಾಸ್ ಸಿಮೆಂಟ್ ಹಾಳೆಯನ್ನು ತಯಾರಿಸುವುದಾಗಲಿ ಮಾರುವುದಾಗಲಿ ನಮ್ಮಲ್ಲಿ ಅಪರಾಧವಲ್ಲ. ನಿಯಂತ್ರಿತ ಬಳಕೆಯಿಂದ ಅಪಾಯವಿಲ್ಲವೆಂಬುದು ತಯಾರಕರ ವಾದ. ಹಾಳೆಯು ಒಡೆಯದೆ, ಸವೆಯದೆ ಇರುವವರೆಗೆ ಸಿಮೆಂಟಿನ ಹಿಡಿತದಲ್ಲಿರುವ ನಾರು ಹೆಚ್ಚಾಗಿ ಹೊರಬೀಳುವುದಿಲ್ಲವೆಂಬ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಕಾರ್ಖಾನೆಯೊಳಗೆ ಹೀರುಯಂತ್ರ, ನೀರಿನ ಸಿಂಪಡಣೆ, ತಪಾಸಣೆ ಇರಬಹುದು; ಆದರೆ ಹಾಳೆಯು ಕಾರ್ಖಾನೆಯ ಗೇಟು ದಾಟಿದ ಮೇಲೆ ನಿಯಂತ್ರಿಸುವವರು ಯಾರು? ಜಾಂಬೋಟಿಯ ಅಂಗಳದಲ್ಲಿ ಗ್ರೈಂಡರ್ ಹಿಡಿದು, ಬಾಯಿಗೆ ಟವೆಲ್ಲನ್ನೂ ಸುತ್ತಿಕೊಳ್ಳದೆ ಹಾಳೆ ಕೊಯ್ಯುವ ಹುಡುಗನ ಮುಂದೆ ನಿಯಂತ್ರಿತ ಬಳಕೆ ಎಂಬ ಪದಪುಂಜಕ್ಕೆ ಅರ್ಥವಿರುವುದಿಲ್ಲ.

ಘಟ್ಟದ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ವರ್ಷಾನುವರ್ಷ ಮಳೆಯ ಹೊಡೆತಕ್ಕೆ ಹಾಳೆಯ ಮೇಲ್ಮೈಯ ಸಿಮೆಂಟು ಕರಗಿ, ಪಾಚಿ ಬೆಳೆದು, ನಾರು ಹೊರಗೆ ಎದ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಒಣಗಿದ ಪಾಚಿಯನ್ನು ತಂತಿಯ ಬ್ರಷ್ಷಿನಿಂದಲೋ ಪೊರಕೆಯಿಂದಲೋ ಉಜ್ಜಿ ತೆಗೆಯುವುದು ವಾಡಿಕೆ. ಹಳೆಯ ಹಾಳೆಯ ವಿಷಯದಲ್ಲಿ ಇದಕ್ಕಿಂತ ಕೆಟ್ಟ ವಾಡಿಕೆ ಮತ್ತೊಂದಿಲ್ಲ. ಒಡೆದ ತುಂಡುಗಳನ್ನು ಯಾರೂ ಎಸೆಯುವುದಿಲ್ಲ. ದನದ ಕೊಟ್ಟಿಗೆಯ ಮರೆಗೆ, ಸೌದೆಯ ರಾಶಿಗೆ, ಕೆಸರಿನ ಹಾದಿಗೆ ಹಾಕಿಕೊಳ್ಳುತ್ತಾರೆ. ಕಾಲ್ತುಳಿತಕ್ಕೆ ಅವು ಪುಡಿಯಾಗುತ್ತಾ ಹೋಗುತ್ತವೆ. ಹಾಳೆ ಹಾಕುವವನ ಬಟ್ಟೆಯನ್ನು ಮನೆಯಲ್ಲಿ ಕೊಡವಿ ಒಗೆಯುವ ಹೆಂಡತಿ, ತಾಯಿ ಕಾರ್ಖಾನೆಯನ್ನೇ ಕಂಡವರಲ್ಲ, ಆದರೂ ಇಂತಹವರಲ್ಲಿ ಮೀಸೋಥೀಲಿಯೋಮಾ ಕಾಣಿಸಿಕೊಂಡ ಪ್ರಕರಣಗಳು ಅನೇಕ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿವೆ.

ಬೆಳಗಾವಿ ನಗರದ ಉದ್ಯಮಗಳ ಕಡೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಉದ್ಯಮಬಾಗ, ಮಚ್ಛೆ, ಆಟೋನಗರಗಳ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಕಲ್ನಾರಿನ ಉದ್ಯಮ ತಮ್ಮದಲ್ಲವೆಂದೇ ಭಾವಿಸಿದ್ದಾರೆ. ಹಾಗಿದ್ದರೆ ಒಂದು ದಿನ ತಮ್ಮ ಸ್ಟೋರ್ ರೂಮಿನ ದಾಸ್ತಾನು ಪುಸ್ತಕವನ್ನು ಈ ದೃಷ್ಟಿಯಿಂದ ತಿರುವಿ ಹಾಕಲಿ. ಫೌಂಡ್ರಿಯ ಕುಲುಮೆಯ ಬಳಿ ಬಳಸುವ ಹಳೆಯ ಶಾಖನಿರೋಧಕ ಕೈಗವಸು, ಹಗ್ಗ, ಮಿಲ್‌ಬೋರ್ಡ್. ಬಾಯ್ಲರಿನ ಬಾಗಿಲಿನ ಪ್ಯಾಕಿಂಗ್. ಹಬೆಯ ಕೊಳವೆಯ ಗ್ಯಾಸ್ಕೆಟ್ ಹಾಳೆ. ಪಂಪಿನ ಗ್ಲ್ಯಾಂಡ್ ಪ್ಯಾಕಿಂಗ್. ಗ್ಯಾರೇಜುಗಳಲ್ಲಿ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು. ಇವುಗಳಲ್ಲಿ ಎಲ್ಲವೂ ಕಲ್ನಾರಿನವಲ್ಲ, ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದು ಖರೀದಿ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಂತಹ ಕಡೆ, ನುರಿಸುವಿಕೆ ಮುಗಿದ ಬಳಿಕ ನಡೆಯುವ ದುರಸ್ತಿಯ ಕಾಲದಲ್ಲಿ ಹಳೆಯ ಕೊಳವೆಗಳ ಹೊದಿಕೆಯನ್ನು ಕಿತ್ತು ಹಾಕುವ ಕೆಲಸವನ್ನು ಗುತ್ತಿಗೆದಾರನ ಆಳುಗಳು ಮಾಡುತ್ತಾರೆ. ಹಳೆಯ ಹೊದಿಕೆಯಲ್ಲಿ ಕಲ್ನಾರು ಇದ್ದರೆ ಅದು ಛಾವಣಿಯ ಹಾಳೆಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿ ನಾರನ್ನು ಹಿಡಿದಿಡುವ ಸಿಮೆಂಟಿನ ಬಂಧ ಇರುವುದಿಲ್ಲ. ಕೈಯಿಂದ ಮುಟ್ಟಿದರೇ ಉದುರುತ್ತದೆ. ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಹಾರಿಸುವ ಪದ್ಧತಿಯನ್ನು ಇಂದೇ ನಿಲ್ಲಿಸಬಹುದು. ಒದ್ದೆ ಬಟ್ಟೆಗೆ ತಗಲುವ ಖರ್ಚು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ರಫ್ತು ಮಾಡುವ ಮಿತ್ರರಿಗೆ ವಿಷಯವು ಇನ್ನೂ ನೇರವಾಗಿದೆ. ನಮ್ಮ ಎರಕದ ಬಿಡಿಭಾಗಗಳೂ ಹೈಡ್ರಾಲಿಕ್ ಉಪಕರಣಗಳೂ ಹೋಗುವ ಹಲವು ದೇಶಗಳಲ್ಲಿ ಕಲ್ನಾರು ನಿಷಿದ್ಧ. ಆಸ್ಟ್ರೇಲಿಯಾ 2003ರ ಅಂತ್ಯದಿಂದಲೇ ನಿಷೇಧಿಸಿದ್ದು, ಅಲ್ಲಿನ ಗಡಿ ಅಧಿಕಾರಿಗಳು ಗ್ಯಾಸ್ಕೆಟ್ಟಿನಂತಹ ಸಣ್ಣ ವಸ್ತುವಿಗೂ ಕಲ್ನಾರುರಹಿತ ಎಂಬ ಖಾತರಿ ಕೇಳಬಲ್ಲರು. ಯಂತ್ರವೊಂದರ ಬೆಲೆಯಲ್ಲಿ ನೂರನೆಯ ಒಂದು ಪಾಲೂ ಅಲ್ಲದ ಗ್ಯಾಸ್ಕೆಟ್ಟಿಗಾಗಿ ಇಡೀ ಸರಕು ಬಂದರಿನಲ್ಲಿ ನಿಂತರೆ ಆ ವರ್ಷದ ಲಾಭವೇ ಕರಗಿತು. ಖರೀದಿ ಆದೇಶದಲ್ಲಿ ‘ಆಸ್ಬೆಸ್ಟಾಸ್ ರಹಿತ’ ಎಂಬ ಎರಡು ಪದ ಸೇರಿಸಿ, ಸರಬರಾಜುದಾರರಿಂದ ಲಿಖಿತ ದೃಢೀಕರಣ ಪಡೆದು ಕಡತದಲ್ಲಿಡುವುದು ಇದಕ್ಕೆ ಸುಲಭೋಪಾಯ. ಗ್ರಾಫೈಟ್, ಅರಾಮಿಡ್, ಗಾಜಿನ ನಾರು ಮುಂತಾದವುಗಳಿಂದ ತಯಾರಾದ ಪರ್ಯಾಯ ವಸ್ತುಗಳು ಮಾರುಕಟ್ಟೆಯಲ್ಲಿವೆ.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದು ಸದಸ್ಯರಿಗೆ ತಿಳಿದ ವಿಷಯ. ಹಿಂದಿನ ಕಾರ್ಖಾನೆಗಳ ಕಾಯಿದೆಯಲ್ಲಿದ್ದಂತೆಯೇ, ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿಯೂ ಆಸ್ಬೆಸ್ಟೋಸಿಸ್ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿದೆ. ಅಂದರೆ ರೋಗ ಪತ್ತೆಯಾದರೆ ಅಧಿಕಾರಿಗಳಿಗೆ ತಿಳಿಸಬೇಕಾದ ಹೊಣೆ ಆಡಳಿತದ ಮೇಲಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಎಣಿಸಲು ಬೇಕಾದ ಕಾರ್ಮಿಕರ ಸಂಖ್ಯೆಯು 10ರಿಂದ 20ಕ್ಕೆ ಏರಿರುವುದನ್ನು ಸಣ್ಣ ಉದ್ಯಮಿಗಳು ಸಹಜವಾಗಿಯೇ ಸ್ವಾಗತಿಸಿದ್ದಾರೆ. ಆದರೆ ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಗೆ ಬಾರದ ಕಾರ್ಮಿಕನಿಗೆ ವೃತ್ತಿಜನ್ಯ ರೋಗ ತಗಲಿದರೆ ಪರಿಹಾರದ ಹೊಣೆ ಮಾಲೀಕನ ಜೇಬಿಗೇ ಬರುತ್ತದೆ ಎಂಬುದನ್ನು ಹಲವರು ಗಮನಿಸಿದಂತಿಲ್ಲ. ವಿಮೆಯ ವಂತಿಗೆ ಉಳಿಸಲೆಂದು ಆಳುಗಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊರಗಿಡುವ ಚಾಳಿಯು ಅಪ್ರಾಮಾಣಿಕ ಮಾತ್ರವಲ್ಲ, ಲೆಕ್ಕದ ದೃಷ್ಟಿಯಿಂದಲೂ ದಡ್ಡತನ.

ಪರ್ಯಾಯ ಛಾವಣಿಯ ವಿಷಯದಲ್ಲಿ ಖಾನಾಪುರವನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿನ ಮಣ್ಣು ಹೆಂಚಿಗೂ ಕುಂಬಾರಿಕೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯು ಅಲ್ಲಿ ನೆಲೆಗೊಂಡದ್ದಕ್ಕೆ ಆ ಮಣ್ಣೇ ಕಾರಣವೆನ್ನಬಹುದು. ಸಿಮೆಂಟ್ ಹಾಳೆ ಅಗ್ಗವೆನ್ನುವಾಗ ನಾವು ಖರೀದಿಯ ದಿನದ ಬೆಲೆಯನ್ನಷ್ಟೇ ನೋಡುತ್ತೇವೆ. ಒಡೆದ ಒಂದು ಹೆಂಚನ್ನು ಬದಲಿಸಿದರೆ ಸಾಕು; ಸೀಳಿದ ಹಾಳೆಯನ್ನು ಇಡಿಯಾಗಿ ಬದಲಿಸಬೇಕು. ಹೆಂಚನ್ನು ಕಳಚಿ ಮತ್ತೊಂದು ಮನೆಗೆ ಹೊದಿಸಬಹುದು, ಮಾರಲೂಬಹುದು. ಹಳೆಯ ಆಸ್ಬೆಸ್ಟಾಸ್ ಹಾಳೆಗೆ ಮಾರಾಟ ಮೌಲ್ಯವಿಲ್ಲ, ಬದಲಿಗೆ ವಿಲೇವಾರಿಯ ಖರ್ಚಿದೆ. ಹೆಂಚಿನ ಮಾಡಿಗೆ ಮರಮುಟ್ಟಿನ ಖರ್ಚು ಅಧಿಕವೆಂಬುದು ನಿಜ, ದೊಡ್ಡ ಗೋದಾಮುಗಳಿಗೆ ಅದು ಒಗ್ಗುವುದಿಲ್ಲವೆಂಬುದೂ ನಿಜ. ಅಂತಹ ಕಡೆ ಬಣ್ಣಲೇಪಿತ ಉಕ್ಕಿನ ಹಾಳೆಗಳಿವೆ. ಕಲ್ನಾರಿನ ಬದಲು ಬೇರೆ ನಾರು ಬೆರೆಸಿದ ಸಿಮೆಂಟ್ ಹಾಳೆಗಳೂ ಇವೆ. ನೋಟಕ್ಕೆ ಎರಡು ಬಗೆಯ ಸಿಮೆಂಟ್ ಹಾಳೆಗಳೂ ಒಂದೇ ತರಹ. ಭಾರತೀಯ ಮಾನಕದ ಸಂಖ್ಯೆಯಿಂದ ಗುರುತಿಸಬೇಕು. ಐಎಸ್ 459 ಎಂದಿದ್ದರೆ ಆಸ್ಬೆಸ್ಟಾಸ್ ಹಾಳೆ, ಐಎಸ್ 14871 ಎಂದಿದ್ದರೆ ಬೇರೆ ನಾರಿನದು.

ಈಗಾಗಲೇ ಛಾವಣಿಯ ಮೇಲಿರುವ ಹಾಳೆಗಳನ್ನು ಹೆದರಿ ಕಿತ್ತುಹಾಕುವುದು ಜಾಣತನವಲ್ಲ. ಗಟ್ಟಿಯಾಗಿರುವ ಹಾಳೆಯನ್ನು ಮುಟ್ಟದೆ ಬಿಡುವುದೇ ಲೇಸು. ಮೇಲ್ಮೈ ಸವೆಯತೊಡಗಿದ್ದರೆ ಬಣ್ಣ ಅಥವಾ ಲೇಪನ ಹಚ್ಚಿಸಬಹುದು, ಆದರೆ ಅದಕ್ಕೂ ಮುಂಚೆ ಒಣ ಉಜ್ಜಾಟ ಕೂಡದು. ಬದಲಿಸುವುದು ಅನಿವಾರ್ಯವಾದಾಗ ಹಾಳೆಯನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಬೋಲ್ಟು ಬಿಚ್ಚಿ, ಮೇಲಿನಿಂದ ಬೀಳಿಸದೆ ಇಡಿಯಾಗಿ ಇಳಿಸಬೇಕು. ಕೊಯ್ಯಲೇಬೇಕಾದರೆ ನೀರು ಹಾಕುತ್ತಾ ಕೈಗರಗಸದಿಂದ ಕೊಯ್ಯಬೇಕು, ಗ್ರೈಂಡರಿನಿಂದಲ್ಲ. ಮೂಗಿಗೆ ಕರವಸ್ತ್ರ ಕಟ್ಟುವುದರಿಂದ ಪ್ರಯೋಜನವಿಲ್ಲ. ಸೂಕ್ಷ್ಮ ಕಣಗಳನ್ನು ತಡೆಯುವ ದರ್ಜೆಯ, ಮುಖಕ್ಕೆ ಬಿಗಿಯಾಗಿ ಕೂರುವ ಮುಖಗವಸು ಬೇಕು. ಉದುರಿದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಕು. ಹಾಳೆ ಮಾರುವ ನಮ್ಮ ವರ್ತಕರು ಗಿರಾಕಿಗೆ ಬೇಕಾದ ಉದ್ದದ ಹಾಳೆಯನ್ನೇ ತರಿಸಿಕೊಟ್ಟರೆ ಅರ್ಧ ಕೊಯ್ತ ತಪ್ಪುತ್ತದೆ. ಇಷ್ಟನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿ ಬಿಲ್ಲಿನ ಜೊತೆ ಕೊಡುವುದಕ್ಕೆ ಯಾವ ಕಾಯಿದೆಯ ಒತ್ತಾಯವೂ ಬೇಕಿಲ್ಲ.

ಕೈಗಾರಿಕೆಯಲ್ಲಿ ಹುಟ್ಟುವ ಕಲ್ನಾರಿನ ಕಸವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿದೆ. ಅದನ್ನು ಗುಜರಿಯವನಿಗೆ ಕೊಡುವಂತಿಲ್ಲ, ಹಳ್ಳಕ್ಕೆ ಸುರಿಯುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ನೆಲಭರ್ತಿಗೇ ಕಳುಹಿಸಬೇಕು. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಂತಹ ದೂರದ ಸ್ಥಳಕ್ಕೆ ಹತ್ತು ಕಿಲೋ ಹಳೆಯ ಪ್ಯಾಕಿಂಗ್ ಕಳುಹಿಸುವುದು ಒಬ್ಬ ಸಣ್ಣ ಉದ್ಯಮಿಗೆ ಕೈಗೂಡುವ ಮಾತಲ್ಲ. ಸಂಸ್ಥೆಯೇ ಮಂಡಳಿಯ ಪ್ರಾದೇಶಿಕ ಕಚೇರಿಯೊಡನೆ ಮಾತನಾಡಿ, ವರ್ಷಕ್ಕೊಮ್ಮೆ ಎಲ್ಲ ಸದಸ್ಯರ ಕಸವನ್ನು ಕಾನೂನುಬದ್ಧವಾಗಿ ಒಟ್ಟಿಗೆ ಸಾಗಿಸುವ ವ್ಯವಸ್ಥೆ ಸಾಧ್ಯವೇ ಎಂದು ವಿಚಾರಿಸುವುದು ಒಳ್ಳೆಯದು. ವೆಚ್ಚವನ್ನು ತೂಕದ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು.

ಇನ್ನು ತಪಾಸಣೆ. ಎದೆಯ ಚಿತ್ರದಲ್ಲಿ ಕಲೆ ಕಂಡೊಡನೆ ಕ್ಷಯವೆಂದು ಊಹಿಸುವುದು ನಮ್ಮ ಕಡೆ ಸಾಮಾನ್ಯ. ರೋಗಿಯು ಏನು ಕೆಲಸ ಮಾಡುತ್ತಿದ್ದ ಎಂದು ಕೇಳುವವರು ಕಡಿಮೆ. ಕಾರ್ಮಿಕನೇ ಅದನ್ನು ವೈದ್ಯರಿಗೆ ಹೇಳುವಂತೆ ನಾವು ತಿಳಿಸಿಕೊಡಬೇಕು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದ್ದು, ಧೂಳಿನ ಕಾಯಿಲೆಗಳ ಅಧ್ಯಯನವೇ ಅದರ ಕಸುಬು. ಫೌಂಡ್ರಿಗಳ ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್ಸನ್ನೂ ಸೇರಿಸಿಕೊಂಡು ಆ ಕೇಂದ್ರದ ಸಲಹೆ ಕೇಳಿದರೆ ಒಂದೇ ಶ್ರಮದಲ್ಲಿ ಎರಡು ಕೆಲಸವಾಗುತ್ತದೆ.

ದಾಖಲೆಯ ಪುಸ್ತಕಕ್ಕೆ ದೊಡ್ಡ ತಂತ್ರಾಂಶ ಬೇಕಿಲ್ಲ. ಕಾರ್ಮಿಕನ ಹೆಸರು, ಊರು, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ದಿನಾಂಕ, ಮಾಡಿದ ಕೆಲಸದ ಸ್ವರೂಪ, ಬಳಸಿದ ವಸ್ತು, ತಂಬಾಕಿನ ಅಭ್ಯಾಸ, ಎದೆಯ ಚಿತ್ರ ಮತ್ತು ಉಸಿರಾಟ ಪರೀಕ್ಷೆಯ ವರದಿ, ಇಷ್ಟು ಅಂಕಣಗಳಿರಲಿ. ಗುತ್ತಿಗೆದಾರನ ಆಳುಗಳಿಗೂ ಅದರಲ್ಲಿ ಸ್ಥಳವಿರಲಿ. ರಟ್ಟಿನ ಮೇಲೆ ‘ರದ್ದಿಗೆ ಹಾಕಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆಸಿ, ಜಿ.ಎಸ್.ಟಿ. ಕಡತಗಳ ಜೊತೆಗಲ್ಲ, ಜಮೀನಿನ ಖರೀದಿಪತ್ರಗಳಿರುವ ಕಪಾಟಿನಲ್ಲಿ ಇಡಿ.